ಹೆಸರಿನ ಬಾಲದ ಕುಳಿ

ರವೀಂದ್ರ ತಾಂಡೇಲ ನನ್ನ ಅಂಗಡಿಗೆ ಬಂದಾಗಲೆಲ್ಲ ಮೊದಲು ಹೊರಗೆ ನಿಂತು ಬಾಯಲ್ಲಿದ್ದ ಗುಟ್ಕಾವನ್ನು ಗಟಾರಕ್ಕೆ ಉಗಿಯುತ್ತಾನೆ, ಆಮೇಲೆ ಒಳಗೆ ಬಂದು ದೇವರ ಫೋಟೋಕ್ಕೆ ಕೈಮುಗಿಯುತ್ತಾನೆ. ಆ ದಿನ ಉಗುಳು ಗಟಾರ ತಲುಪಲಿಲ್ಲ. ಮೆಟ್ಟಿಲ ಮೇಲೆ ಬಿತ್ತು. ಅವನು ಅದನ್ನು ಚಪ್ಪಲಿಯಿಂದ ಒಂದು ಸಲ ಉಜ್ಜಿ, ಇನ್ನಷ್ಟು ಅಗಲ ಮಾಡಿ, ಒಳಗೆ ಬಂದು ಕೈಮುಗಿದ.

"ಹೆಸ್ರು ಕಟ್ ಮಾಡಿ ಆತ ನರೇಶಾ?"

ಆಗಿತ್ತು. ಮೇಜಿನ ಮೇಲೆ ಹಾಸಿಟ್ಟಿದ್ದೆ. ಹೊನ್ನಾವರ ಪೇಟೆಯಲ್ಲಿ ನನ್ನದು ಫ್ಲೆಕ್ಸ್ ಮತ್ತು ರೇಡಿಯಂ ಸ್ಟಿಕ್ಕರಿನ ಅಂಗಡಿ. ಹುಟ್ಟುಹಬ್ಬದ ಶುಭಾಶಯ, ಭಾವಪೂರ್ಣ ಶ್ರದ್ಧಾಂಜಲಿ, ಮೀನಿನ ಲಾರಿಗಳ ಹಿಂದಿನ ಹುಲಿಯ ಕಣ್ಣು, ಎಲ್ಲವೂ ಒಂದೇ ಮಶಿನಿನಿಂದ ಹೊರಬರುತ್ತವೆ. ಎಲ್ಲಕ್ಕೂ ಒಂದೇ ವಾಸನೆ. ಸಂಜೆ ಮನೆಗೆ ಹೋಗಿ ಅನ್ನ ಕಲೆಸಿದರೆ ಅನ್ನಕ್ಕೂ ಆ ಶಾಯಿಯದೇ ವಾಸನೆ ಬರುತ್ತದೆ. ಈ ಸಲದ ಕೆಲಸ ಮಾತ್ರ ಬೇರೆ ಇತ್ತು. ನಾನು ರೇಡಿಯಂ ಹಾಳೆಯಲ್ಲಿ ಅಕ್ಷರ ಕತ್ತರಿಸಿ ಕೊಡಬೇಕು, ಕುಮಟೆಯ ಕಲ್ಲುಕೆಲಸದವನು ಅದನ್ನು ಗ್ರಾನೈಟಿಗೆ ಅಂಟಿಸಿ, ಅದೇ ಅಚ್ಚಿನ ಮೇಲೆ ಕೆತ್ತುತ್ತಾನೆ.

ಹನ್ನೊಂದು ಹೆಸರು. ಶರಾವತಿಯ ದಡದಲ್ಲಿ, ಹಿಂದೆ ದೋಣಿ ದಾಟಿಸುತ್ತಿದ್ದ ತಾರಿಬಾಗಿಲಿನಲ್ಲಿ ಒಂದು ಕರಿಕಲ್ಲಿತ್ತು. ಮೊದಲನೇ ಮಹಾಯುದ್ಧದಲ್ಲಿ ಬ್ರಿಟಿಷರು ಈ ಹೊಳೆಯ ದೋಣಿಯವರನ್ನು ಇರಾಕಿನ ಬಸ್ರಾಕ್ಕೆ ಒಯ್ದಿದ್ದರು. ಅಲ್ಲಿಯೂ ಒಂದು ಹೊಳೆ. ಅಕ್ಕಿ, ಗುಂಡು, ಗಾಯಗೊಂಡ ಸಿಪಾಯಿಗಳು, ಇವನ್ನು ಹೇರಿಕೊಂಡು ಮೇಲಕ್ಕೂ ಕೆಳಕ್ಕೂ ಓಡಾಡುವುದು ಇವರ ಕೆಲಸ. ಬಂದೂಕು ಮುಟ್ಟಿದವರಲ್ಲ. ಹನ್ನೊಂದು ಜನ ತಿರುಗಿ ಬರಲಿಲ್ಲ. ಯಾರೋ ಒಬ್ಬ ಕಲೆಕ್ಟರು ಅವರ ಹೆಸರನ್ನು ಇಂಗ್ಲಿಷಿನಲ್ಲಿ ಕೆತ್ತಿಸಿ, ಕಲ್ಲು ನೆಡಿಸಿ, ವರ್ಗವಾಗಿ ಹೋದ. ನೂರು ವರ್ಷ ಅದರ ಮೇಲೆ ಬಲೆ ಒಣಗಿಸಿದರು, ಬೀಡಿ ಕೆಂಡ ಒರೆಸಿದರು, ಈಚೆಗೆ ಮದುವೆಗೆ ಮುಂಚಿನ ಫೋಟೋ ತೆಗೆಸಲು ಬಂದ ಜೋಡಿಗಳು ಕುಂಡೆ ಊರಿ ಕೂತರು. ರವೀಂದ್ರನ ಬೋಟಿಂಗ್ ಪಾಯಿಂಟ್ ಅದರ ಪಕ್ಕದಲ್ಲೇ ಇದೆ. ಅವನಿಗೆ ಈಗ ಆ ಹನ್ನೊಂದು ಜನ ನೆನಪಾಗಿದ್ದರು.

"ಇದೆಂತ?" ಎಂದು ಅವನು ಬೈಕಿನ ಕೀಲಿಯಿಂದ ಮೂರನೇ ಸಾಲನ್ನು ಮುಟ್ಟಿದ. ನಾನು ಕತ್ತರಿಸಿದ್ದು ಹೀಗಿತ್ತು: ಜಟ್ಟ, ತಾಂಡೇಲ.

"ಕಾಮಾ," ಎಂದೆ.

"ಎಂತಕೆ?"

"ಹಳೆ ಕಲ್ಲಲ್ಲಿ ಇದ್ಯಲ್ಲ ರವಣ್ಣ. ನೀವೇ ಕಳಿಸಿದ ಫೋಟೋ."

"ಹಳೆ ಕಲ್ಲಲ್ಲಿ ಹಾವಸೆಯೂ ಇತ್ತು. ಅದ್ನೂ ಕಟ್ ಮಾಡ್ತ್ಯ?"

ಫೋಟೋದಲ್ಲಿ ಇಂಗ್ಲಿಷಿನವರು ಬರೆದದ್ದು 'ಟಿಂಡಲ್' ಎಂದು. ಪಿಯುಸಿಯಲ್ಲಿ ಓದಿದ ಟಿಂಡಲ್ ಪರಿಣಾಮ ನೆನಪಾಗಿ ನಾನು ಫೋನು ಮಾಡಿ ಕೇಳಿದ್ದೆ. 'ಅವ್ರ ಬಾಯಲ್ಲಿ ತಾಂಡೇಲ ಹೊರಳ್ತದಾ? ನಮ್ಮ ಅಡ್ಡಹೆಸ್ರು ಅದು. ಜಟ್ಟ ಅಂದ್ರೆ ನಮ್ಮ ಮುತ್ತಜ್ಜ' ಎಂದಿದ್ದ. ಉಳಿದ ಹತ್ತು ಹೆಸರುಗಳ ಮುಂದೆ 'ಲಸ್ಕರ್' ಎಂದಿತ್ತು. ಹಾಗಂದರೆ ಖಲಾಸಿ, ಹಡಗಿನ ಕೂಲಿಯವ, ಖಲಾಸಿ ಎಂದೇ ಹಾಕು ಎಂದೂ ಅವನೇ ಹೇಳಿದ್ದ. ಮಂಜ, ಖಲಾಸಿ. ಹೊನ್ನಪ್ಪ, ಖಲಾಸಿ. ಕಾಮಾದ ಹಿಂದೆ ಮನುಷ್ಯ, ಮುಂದೆ ಅವನ ಕೆಲಸ. ಹತ್ತು ಸಾಲಿಗೆ ಒಂದು ಲೆಕ್ಕವಾದರೆ ಹನ್ನೊಂದನೆಯದಕ್ಕೂ ಅದೇ ಲೆಕ್ಕ ಎಂದು ನನಗೆ ಆಗಲೇ ಹೊಳೆಯಬೇಕಿತ್ತು. ಹೊಳೆಯಿತೇನೋ. ನಾನು ಅದರ ಕಡೆ ನೋಡಲಿಲ್ಲ.

"ಇವತ್ತೇ ತೆಗಿ," ಎಂದ.

"ಇವರೊಬ್ಬರದ್ದು ತೆಗೆದ್ರೆ ಉಳಿದವ್ರದ್ದು?"

ರವೀಂದ್ರ ಯೋಚಿಸಿದ. ಅವನು ಯೋಚಿಸುವಾಗ ನಾಲಗೆಯಿಂದ ಹಿಂದಿನ ಹಲ್ಲಿನ ಸಂದಿಯನ್ನು ತಡಕುತ್ತಾನೆ, ಅದರ ಚಪ್ಪರಿಕೆ ಹೊರಗೂ ಕೇಳುತ್ತದೆ. "ಎಲ್ಲರದ್ದೂ ತೆಗಿ. ಒಬ್ಬಂದೇ ತೆಗದ್ರೆ ಡೌಟ್ ಬತ್ತದೆ."

ಆ ಮಾತು ಹೇಳಿದ ಮೇಲೆ ಅವನು ನನ್ನ ಮುಖ ನೋಡಿದ. ನಾನು ಕಟ್ಟರ್ ಹುಡುಕುವವನ ಹಾಗೆ ಡ್ರಾಯರಿಗೆ ತಲೆ ಹಾಕಿದೆ. ನಮ್ಮಿಬ್ಬರ ನಡುವೆ ವ್ಯವಹಾರ ಮುಗಿದದ್ದು ಅಷ್ಟರಲ್ಲೇ.

ಅವನು ಹೋದ ಮೇಲೆ ಕಟ್ಟರಿನ ಮೊನೆಯಿಂದ ಹನ್ನೊಂದು ಕಾಮಾಗಳನ್ನು ಎಬ್ಬಿಸಿದೆ. ಒಂದೊಂದೂ ಹೆಬ್ಬೆರಳಿಗೆ ಹತ್ತಿಕೊಂಡಿತು. ಕೊಡವಿದರೆ ಬೀಳುವುದಿಲ್ಲ. ಇಂಬಳದ ಮರಿಗಳ ಹಾಗೆ ಬಾಲ ಬಾಗಿಸಿ ಕೂತಿದ್ದವು. ಗೋಡೆಗೆ ಉಜ್ಜಿದೆ. ಈಗ ಮೇಜಿನ ಮೇಲೆ ಹತ್ತು ಜನ ಖಲಾಸಿ ಎಂಬ ಒಂದೇ ಮನೆತನದವರಾಗಿದ್ದರು: ಮಂಜ ಖಲಾಸಿ, ಹೊನ್ನಪ್ಪ ಖಲಾಸಿ, ವೆಂಕ್ಟ ಖಲಾಸಿ. ಎಲ್ಲ ಖಲಾಸ್. ಮತ್ತು ಜಟ್ಟ ತಾಂಡೇಲ, ರವೀಂದ್ರ ತಾಂಡೇಲನ ಮುತ್ತಜ್ಜ, ಮುಂದಿನ ಜಿಲ್ಲಾ ಪಂಚಾಯತ ಚುನಾವಣೆಯ ಹೊತ್ತಿಗೆ ಸರಿಯಾಗಿ ಸತ್ತವನು.

ಮೂರು ದಿನದ ನಂತರ ಹೊನ್ನಿ ಬಂದಳು. ತಾರಿಬಾಗಿಲಿನ ಅಂಬಿಗರ ಮನೆಯವಳು. ಹೊಳೆ ಇಳಿತದಲ್ಲಿ ಎದೆಮಟ್ಟ ನೀರಿಗಿಳಿದು ಕೆಸರಿನಿಂದ ಬಳಚು ಎಂಬ ಚಿಪ್ಪುಮೀನು ಹೆಕ್ಕಿ, ಬಕೆಟಿನಲ್ಲಿ ಹೊತ್ತು ಪೇಟೆಗೆ ಬರುತ್ತಾಳೆ. ಅರವತ್ತು ದಾಟಿದೆ. ಅವಳ ಬೆರಳುಗಳ ತುದಿ ಯಾವಾಗಲೂ ನೆನೆದ ಕಾಗದದ ಹಾಗೆ ಸುಕ್ಕಾಗಿ ಬೆಳ್ಳಗಿರುತ್ತದೆ.

"ತಮಾ, ಕಲ್ಲಿಗೆ ಹೆಸ್ರು ಬರೀತಂವ ನೀನೇ ಅಲ್ದ? ನಮ್ಮಜ್ಜನ ಹೆಸ್ರು ಎಲ್ಲಿ ಬಂತು ತೋರ್ಸು."

"ಯಾರು ನಿಮ್ಮಜ್ಜ?"

"ಜಟ್ಟ. ಬಸ್ರಾಕ್ಕೆ ಹೋದಂವ." ಅವಳು ಬಕೆಟು ಕೆಳಗಿಟ್ಟಳು. "ನಮ್ಮಜ್ಜಿ ಬಸ್ರಿ, ಅಜ್ಜ ಬಸ್ರಾ ಅಂತ ಆಗಿನ ಕಾಲ್ದವ್ರು ನೆಗಾಡ್ತಿದ್ರಂತೆ. ನಮ್ಮಪ್ಪ ಹೊಟ್ಟೇಲಿದ್ದ. ಅಜ್ಜಿ ಸಾಯೂವರಿಗೂ ಆ ಊರಿನ ಹೆಸ್ರು ಬಾಯಲ್ಲಿ ತೆಗೀಲಿಲ್ಲ, ನಾಚ್ಕೆ ಅಂತ."

ನನಗೆ ನಗು ಬಂದು ಅರ್ಧಕ್ಕೆ ನಿಂತಿತು. ಮೂಲೆಯಲ್ಲಿ ಸುತ್ತಿಟ್ಟಿದ್ದ ಹಾಳೆ ಬಿಡಿಸಿದೆ. ಮಾದರಿಗೆಂದು ಇನ್ನೊಂದು ಪ್ರತಿ ಇಟ್ಟುಕೊಂಡಿದ್ದೆ, ಅದರಲ್ಲಿ ಕಾಮಾ ಇರಲಿಲ್ಲ. ಹೊನ್ನಿಗೆ ಓದು ಬರುವುದಿಲ್ಲ. ಅವಳು ಮೇಲಿನಿಂದ ಎಣಿಸಿ ಮೂರನೇ ಸಾಲಿಗೆ ಬಂದು ಬೆರಳಿನಿಂದ ಸವರತೊಡಗಿದಳು. ಬಳಚಿನ ವಾಸನೆ ಹಾಳೆಗೆ ಹತ್ತಿತು. ಬೆರಳು ಹೋಗುತ್ತಾ ಹೋಗುತ್ತಾ ಹೆಸರಿನ ಕೊನೆಗೆ ಬಂದು ತಡವರಿಸಿತು.

"ಕುಳಿ ಎಲ್ಲಿ?"

"ಎಂತ ಕುಳಿ?"

"ಹೆಸ್ರಿನ ಬಾಲದಲ್ಲಿ ಒಂದು ಕುಳಿ ಇರ್ತದೆ. ಎಲ್ಲ ಹೆಸ್ರಿಗೂ ಇತ್ತು, ನಮ್ಮಜ್ಜಂದು ಆಳ. ಅಜ್ಜಿ ಬೆರಳಿಟ್ಟು, ಅಪ್ಪ ಬೆರಳಿಟ್ಟು, ನಾ ಇಟ್ಟು ಆಳಾದದ್ದು. ಮಹಾಲಯ ಅಮಾಸೆಗೆ ಎಡೆ ಇಡೂಕಿದ್ರೆ ಮೊದ್ಲು ಆ ಕುಳಿಗೆ ಒಂದು ಅಗುಳು ಅನ್ನ. ಅದು ಅಂವನ ಬಾಯಿ. ಆಮೇಲೆ ಬಾಳೆ ಬಡ್ಸೂದು."

ನೂರು ವರ್ಷ ಒಂದು ಅಲ್ಪವಿರಾಮಕ್ಕೆ ಅನ್ನ ಉಣ್ಣಿಸಿದ್ದರು. ಅದನ್ನು ನಾನು ಗೋಡೆಗೆ ಒರೆಸಿದ್ದೆ.

"ಈ ಸಲದ ಅಮಾಸೆಗೆ ಇಡೂಕೆ ಆಗ್ಲಿಲ್ಲ," ಎಂದಳು. "ತಗಡು ಕಟ್ಟಿ ಒಳಗೆ ಬಿಡ್ಲಿಲ್ಲ. ಕೆಲ್ಸ ನಡೀತಿತ್ತು ಅಂದ್ರು. ಅಜ್ಜ ಉಪಾಸ. ಹೊಸ ಕಲ್ಲು ನಿಂತ ಕೂಡ್ಲೆ ಬಡ್ಸೂದು ಅಂತ ಇದ್ದೆ." ಮತ್ತೆ ಹಾಳೆ ಮುಟ್ಟಿದಳು. "ಇದ್ರ ಮುಂದೆ ಎಂತ ಬರದ್ದು?"

"ತಾಂಡೇಲ."

"ಹೌದು, ತಾಂಡೇಲ. ಹತ್ತು ಜನ ಹುಟ್ಟು ಹಾಕೂಕೆ, ಹಿಂದೆ ಚುಕ್ಕಾಣಿ ಹಿಡ್ದು ನಿಂತಂವ ನಮ್ಮಜ್ಜ. ಅದು ಕೆಲ್ಸ. ಹೆಸ್ರು ಬೇರೆ, ಕೆಲ್ಸ ಬೇರೆ. ಕುಳಿ ಇಲ್ದಿದ್ರೆ ರವೀಂದ್ರನ ಮನೆಯಂವ ಅಂತ ಆಗೂದಿಲ್ವ?"

ಓದಲು ಬಾರದ ಹೆಂಗಸಿಗೆ ಒಂದು ಬೆರಳಿನಲ್ಲಿ ತಿಳಿದದ್ದು.

"ಕಲ್ಲಿನಲ್ಲಿ ಬರ್ತದೆ ಹೊನ್ನಕ್ಕ," ಎಂದೆ. "ಇದು ಬರೀ ಹಾಳೆ. ಕೆತ್ತುವವ ಕುಳಿ ಹಾಕ್ತಾನೆ."

"ಹಾಕ್ತ್ನ?"

"ಹಾಕ್ತಾನೆ."

"ಹಾಕ್ಲಿ ಮಾರಾಯ. ಬೇರೆಯವ್ನ ಹೆಸ್ರಿಗೆ ಅನ್ನ ಹಾಕಿದ್ರೆ ಅಂವಗೆ ಮುಟ್ಟೂದಿಲ್ಲ. ಮತ್ತೆ ಹಳೆ ಕಲ್ಲು ಎಲ್ಲಿಟ್ಟಿದ್ರು?"

ಗೊತ್ತಿಲ್ಲ ಎಂದೆ. ಆ ಒಂದು ಮಾತು ನಿಜವಿತ್ತು. ಹೋಗುವಾಗ ಒಂದು ಹಿಡಿ ಬಳಚು ನನ್ನ ಮೇಜಿನ ಮೇಲೆ, ಪೇಪರಿನ ಮೇಲೆ ಇಟ್ಟು ಹೋದಳು. ಅವು ಸಂಜೆಯವರೆಗೂ ಬಾಯಿ ತೆರೆದು ಮುಚ್ಚಿ ಉಸಿರಾಡುತ್ತಿದ್ದವು. ನಾನು ಅವನ್ನು ಮನೆಗೆ ಒಯ್ಯಲಿಲ್ಲ, ಬಿಸಾಡಲೂ ಇಲ್ಲ. ಮರುದಿನ ಅಂಗಡಿಯ ಬಾಗಿಲು ತೆಗೆದಾಗ ಶಾಯಿಯ ವಾಸನೆಯನ್ನೂ ಮೀರಿ ಕೊಳೆತ ವಾಸನೆ ಬಂತು.

ಅನಾವರಣದ ದಿನ ಬೆಳಿಗ್ಗೆ ಬಾಣದ ಗುರುತಿನ ಬೋರ್ಡುಗಳನ್ನು ಅಂಟಿಸಲು ಹೋದೆ. ವೇದಿಕೆ, ಪಾರ್ಕಿಂಗ್, ಊಟ, ಶೌಚಾಲಯ. ತಗಡು ತೆಗೆದಿದ್ದರು. ಕರಿಕಲ್ಲು ಇದ್ದ ಜಾಗದಲ್ಲಿ ಆಳೆತ್ತರದ ಗ್ರಾನೈಟು ಹಳದಿ ಬಟ್ಟೆ ಹೊದ್ದು ನಿಂತಿತ್ತು. ಸುತ್ತ ಸ್ಟೀಲಿನ ಕಂಬಿ. 'ಪವಿತ್ರ ಸ್ಥಳ, ಮಾಂಸ ಮದ್ಯ ತರಬಾರದು' ಎಂಬ ಬೋರ್ಡು. ಅದೂ ನನ್ನ ಅಂಗಡಿಯದೇ.

ಶೌಚಾಲಯ ಹೊಳೆಯ ಅಂಚಿಗೆ ಹೊಸದಾಗಿ ಕಟ್ಟಿದ್ದು. ಒಂದೇ ಬಾಗಿಲು, ನೆಲದಿಂದ ಒಂದು ಮೊಳ ಎತ್ತರ. ಅದರ ಕೊಳವೆ ಎಲ್ಲಿಗೆ ಹೋಗುತ್ತದೆಂದು ಮೂಗಿಗೆ ತಿಳಿಯುತ್ತಿತ್ತು. ಬೋರ್ಡು ಅಂಟಿಸಲು ಮೆಟ್ಟಿಲು ಹತ್ತಿದೆ. ಕಾಲ ಕೆಳಗೆ ಏನೋ ತರಿತರಿ. ಸಿಮೆಂಟಿನ ಹಾಲು ಸೋರಿದ, ಕೆಲಸದವರ ಉಗುಳು ಒಣಗಿದ, ಫಿನಾಯಿಲು ಚೆಲ್ಲಿದ ಒಂದು ಕರಿಕಲ್ಲು. ಚಪ್ಪಲಿ ಸರಿಸಿ ನೋಡಿದೆ. ಇಂಗ್ಲಿಷ್ ಅಕ್ಷರಗಳು. ಮೂರನೇ ಸಾಲಿನ ಮೇಲೆ ಯಾರದೋ ಕೆಸರಿನ ಹೆಜ್ಜೆ. ಹೆಸರಿನ ಪಕ್ಕದಲ್ಲಿ, ಬೆರಳ ತುದಿ ಸರಿಯಾಗಿ ಕೂರುವಂಥ ಒಂದು ಕುಳಿ, ಅದರಲ್ಲಿ ಹಳದಿ ನೀರು ನಿಂತಿತ್ತು.

ನಾನು ಪಕ್ಕಕ್ಕೆ ಹೋಗಿ ವಾಂತಿ ಮಾಡಿದೆ. ಬರೀ ಚಹಾ ಬಂತು. ಇದನ್ನು ಮಾಡಿದವನಿಗೆ ಕೆಟ್ಟ ಉದ್ದೇಶವೂ ಇದ್ದಿರಲಿಕ್ಕಿಲ್ಲ. ಒಂದು ಮೆಟ್ಟಿಲು ಬೇಕಿತ್ತು, ಅಳತೆಗೆ ಸರಿಯಾದ ಒಂದು ಕಲ್ಲು ಬಿದ್ದಿತ್ತು. ಅದೇ ನನಗೆ ಹೆಚ್ಚು ಅಸಹ್ಯವಾದದ್ದು.

ಹೊನ್ನಿ ದಡದಿಂದ ಸ್ವಲ್ಪ ದೂರದಲ್ಲಿ ನೀರಿನಲ್ಲಿದ್ದಳು, ತಲೆ ಮತ್ತು ಹೆಗಲು ಮಾತ್ರ ಕಾಣುತ್ತಿತ್ತು. ಕೂಗಿ ಹೇಳುವ ವಿಷಯವಲ್ಲ. ಪ್ಯಾಂಟು ಮಡಚಿ ಕೆಸರಿಗಿಳಿದು ಹತ್ತಿರ ಹೋಗಿ ಹೇಳಿದೆ. ಹೊಸ ಕಲ್ಲಿನಲ್ಲಿ ಕುಳಿ ಇಲ್ಲ, ತೆಗೆದವನು ನಾನೇ ಎಂದೂ ಹೇಳಿದೆ. ಅವಳು ನನ್ನನ್ನು ಬೈಯುತ್ತಾಳೆಂದು ಕಾದೆ. ಬೈದಿದ್ದರೆ ಚೆನ್ನಾಗಿತ್ತು.

"ಹಳೇದನ್ನ ಮೋರೆ ಮೇಲೆ ಮಾಡಿ ಹಾಕಿದ್ರಾ, ಕವುಚಿ ಹಾಕಿದ್ರಾ?" ಎಂದು ಕೇಳಿದಳು.

"ಮೇಲೆ ಮಾಡಿ."

"ಆತು," ಎಂದಳು. ಬಕೆಟು ಎತ್ತಿಕೊಂಡು ಮನೆಯ ಕಡೆ ನಡೆದಳು.

ಹನ್ನೊಂದಕ್ಕೆ ಮುಖ್ಯ ಅತಿಥಿ ಬಂದರು. ದಪ್ಪ ಕುತ್ತಿಗೆಯ, ಸಕ್ಕರೆ ಕಾಯಿಲೆಯ ಮನುಷ್ಯ. ಬಂದ ಕೂಡಲೇ ಒಂದು ಎಳನೀರು, ಭಾಷಣದ ನಡುವೆ ಇನ್ನೊಂದು. ಪೀಪಿಯವರು ದೇಶಭಕ್ತಿಗೀತೆ ಊದಿದರು. ಲೈಫ್ ಜಾಕೆಟ್ ತೊಟ್ಟ ಪ್ರವಾಸಿಗರು ಬೋಟಿನಿಂದಲೇ ವೀಡಿಯೋ ಮಾಡಿದರು. ಬಟ್ಟೆ ಸರಿಸಿದಾಗ ನಿರೂಪಣೆಯ ಮಾಲತಿ ಟೀಚರು ಹೆಸರುಗಳನ್ನು ಒಂದೊಂದಾಗಿ ಓದಿದರು. ಐದನೇ ಖಲಾಸಿಗೆ ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕೆಂದರು. ಹತ್ತನೆಯದಕ್ಕೆ ಟೀಚರಿಗೂ ನಗು ತಡೆಯಲಾಗದೆ ಸೆರಗು ಬಾಯಿಗೆ ಹೋಯಿತು.

ರವೀಂದ್ರ ಮೈಕು ಹಿಡಿದ. "ನನ್ನ ಮುತ್ತಜ್ಜ ಜಟ್ಟ ತಾಂಡೇಲರು ಈ ಹೊಳೆಯಿಂದಲೇ ಹೊರಟವರು. ಅವರ ರಕ್ತ ನನ್ನ ಮೈಯಲ್ಲಿ ಹರೀತಾ ಇದೆ." ಕಣ್ಣು ಒರೆಸಿಕೊಂಡ. ನಿಜವಾಗಿಯೂ ನೀರು ಬಂದಿತ್ತು. ಸುಳ್ಳು ಹೇಳುವವನ ಕಣ್ಣೀರು ಬೇರೆ ಬಣ್ಣದ್ದಿರಬೇಕಿತ್ತು ಎಂದು ನನಗೆ ಅನಿಸಿತು. ಎಲ್ಲರ ಹಾಗೇ ಇತ್ತು.

ಆಮೇಲೆ ಅತಿಥಿಗಳು ರವೀಂದ್ರನ ಕಿವಿಯಲ್ಲಿ ಏನೋ ಹೇಳಿದರು. ಅವನು ಅವರನ್ನು ಬಾಣದ ಗುರುತಿನ ಕಡೆಗೆ ಕರೆದುಕೊಂಡು ಹೊರಟ. ಹಿಂಬಾಲಕರು ಹಿಂಬಾಲಿಸಿದರು, ನಾನೂ ಹೋದೆ.

ಶೌಚಾಲಯದ ಮೆಟ್ಟಿಲು ತೊಳೆದು ಕಪ್ಪಗೆ ಹೊಳೆಯುತ್ತಿತ್ತು. ಅದರ ಮೇಲೆ ಬಾಳೆ ಎಲೆ. ಕುಚ್ಚಕ್ಕಿ ಅನ್ನ, ಹುರಿದ ನೊಗಲಿ ಮೀನು, ಬಳಚಿನ ಸುಕ್ಕ, ಒಂದು ಗ್ಲಾಸಿನಲ್ಲಿ ಸಾರಾಯಿ, ಒಂದು ಬೀಡಿ. ಎಲೆಯ ಮೇಲಿನ ಅಂಚಿನಾಚೆ, ಕುಳಿಯಲ್ಲಿ, ಒಂದೇ ಒಂದು ಅಗುಳು. ಹೊನ್ನಿ ಪಕ್ಕದಲ್ಲಿ ಕುಕ್ಕರಗಾಲಿನಲ್ಲಿ ಕೂತಿದ್ದಳು. ಉಟ್ಟ ಸೀರೆ ಒಗೆದದ್ದು.

"ಏ, ಎಂತ ಇದು? ಏಳು!" ಎಂದ ರವೀಂದ್ರ.

"ಅಜ್ಜ ಉಣ್ತಾ ಇದ್ದ," ಎಂದಳು ಹೊನ್ನಿ. "ಕಾಕೆ ಬಂದು ಮುಟ್ಲಿ. ಆಮೇಲೆ ಎತ್ತುದು. ಅಲ್ಲೀವರಿಗೆ ಎಡೆ ದಾಟೂಕೆ ಆಗ."

ಅತಿಥಿಗಳು ಒಂದು ಕಾಲಿನಿಂದ ಇನ್ನೊಂದು ಕಾಲಿಗೆ ಭಾರ ಬದಲಿಸಿದರು. "ಏನಮ್ಮಾ, ಸ್ವಲ್ಪ ಸರೀರಿ, ಅರ್ಜೆಂಟಿದೆ."

"ನಂಗೂ ಅರ್ಜೆಂಟೇ ಒಡೆಯಾ. ಅಮಾಸೆಯಿಂದ ಉಪಾಸ ಅಂವ."

ರವೀಂದ್ರ ಎಲೆಯನ್ನು ದಾಟಲೆಂದು ಕಾಲೆತ್ತಿದ. ಹೊನ್ನಿ ತಡೆಯಲಿಲ್ಲ, ತಲೆಯೆತ್ತಿ ನೋಡಿದಳಷ್ಟೇ. "ದಾಟು ರವೀಂದ್ರಾ. ಈ ಕಲ್ಲಿನ ಮೂರ್ನೇ ಸಾಲಿನಂವ ನಿನ್ನ ಮುತ್ತಜ್ಜ ಅಲ್ದ? ಈಗ ಮೈಕಲ್ಲಿ ಹೇಳ್ದೆ. ಮುತ್ತಜ್ಜನ ಎಡೆ ದಾಟ್ತ್ಯ, ಬಾಳೆಗೇ ಕಾಲಿಡ್ತ್ಯ?"

ಕಾಲು ಗಾಳಿಯಲ್ಲೇ ನಿಂತಿತು. ಸುತ್ತ ಮೂವತ್ತು ನಲವತ್ತು ಜನ, ಅದರಲ್ಲಿ ಅರ್ಧ ಜನ ದೋಣಿಯವರು, ಅವರೆಲ್ಲ ಅವನ ಚಪ್ಪಲಿಯನ್ನೇ ನೋಡುತ್ತಿದ್ದರು. ಅವನು ಕಾಲನ್ನು ನಿಧಾನ ಹಿಂದಕ್ಕೆ ತಂದ. ನಾಲಗೆ ಹಿಂದಿನ ಹಲ್ಲಿನ ಕಡೆ ಹೋಯಿತು.

"ಅದು ಬೇರೆ ಜಟ್ಟ," ಎಂದ.

"ಯಾವ್ದು?"

"ಈ ಕಲ್ಲಿನಂವ ಬೇರೆ. ನಿಮ್ಮಂವ. ಅಲ್ಲಿ ಗ್ರಾನೈಟಲ್ಲಿ ಇದ್ದಂವ ನಮ್ಮಂವ. ಎರಡು ಜಟ್ಟ ಇರೂಕಿಲ್ವ?"

"ಇರ್ಲಿ," ಎಂದಳು ಹೊನ್ನಿ. "ಅದು ನಿಮ್ದು. ಈ ಕಲ್ಲು ನಮ್ದು. ಇಷ್ಟು ಜನ ಕೇಳಿದ್ರು. ಅಂವ ಉಂಡಾದ ಮೇಲೆ ನಾ ತಕ್ಕಂಡು ಹೋಗ್ತೆ."

ಅಲ್ಲವೆನ್ನುವ ದಾರಿಯನ್ನು ರವೀಂದ್ರ ತಾನೇ ಮುಚ್ಚಿಕೊಂಡಿದ್ದ. "ತಕ್ಕಂಡ್ ಹೋಗು ಮಾರಾಯ್ತಿ, ಮೊದ್ಲು ಹೊತ್ಕಂಡ್ ಹೋಗು," ಎಂದ. ಯಾರೋ ನಕ್ಕರು. ಅತಿಥಿಗಳು ಕಾಯಲಿಲ್ಲ. ಶಲ್ಯವನ್ನು ಹೆಗಲಿಗೆ ಎಸೆದುಕೊಂಡು ಗ್ರಾನೈಟಿನ ಹಿಂಬದಿಗೆ ನಡೆದರು. ಹೊಳೆಗೆ ಮುಖ ಮಾಡಿ ನಿಂತರು. ಎರಡು ಎಳನೀರು. ಬಹಳ ಹೊತ್ತು ಹಿಡಿಯಿತು. ಪೀಪಿಯವರಿಗೆ ಯಾರೂ ಹೇಳಿರಲಿಲ್ಲವಾದ್ದರಿಂದ ಅವರು ಗೀತೆಯನ್ನು ಮತ್ತೆ ಮೊದಲಿನಿಂದ ಊದುತ್ತಿದ್ದರು.

ಜನ ಊಟದ ಬಾಣದ ಕಡೆ ಹೋದರು. ಕಾಗೆ ಬರಲು ಅರ್ಧ ಗಂಟೆಯಾಯಿತು. ಮೀನು ಬಿಟ್ಟು ಬಳಚಿಗೆ ಬಾಯಿ ಹಾಕಿತು. "ಅಜ್ಜಂಗೆ ಬಳಚೇ ಸೈ," ಎಂದು ಹೊನ್ನಿ ಎಲೆ ಮಡಚಿ ಎತ್ತಿಕೊಂಡಳು. ನಾನು ಅಂಗಡಿಯಿಂದ ತಂದಿದ್ದ ಕಬ್ಬಿಣದ ಪಟ್ಟಿಯಿಂದ ಸಿಮೆಂಟು ಎಬ್ಬಿಸಿದೆ. ಇನ್ನೂ ಹಸಿ ಇತ್ತು, ಬೇಗ ಬಿಟ್ಟಿತು. ಇಬ್ಬರು ದೋಣಿಯವರು ಕೈ ಹಾಕಿದರು. ಕಲ್ಲಿನ ಅಡಿಯಲ್ಲಿ ಹುಳು, ನೆನೆದ ಸಿಗರೇಟು, ಒಂದು ಗುಟ್ಕಾದ ಚೀಟು. ಅವಳ ದೋಣಿಗೆ ಇಳಿಸಿದಾಗ ನೀರು ಅಂಚಿಗೆ ಎರಡು ಬೆರಳಷ್ಟು ಹತ್ತಿರ ಬಂತು. ನಾನು ಮುಂದೆ ಕೂತೆ, ಅವಳು ಹಿಂದೆ ಬಿದಿರಿನ ಗಳ ಹಿಡಿದು ನಿಂತಳು.

ಅವಳ ಅಂಗಳದಲ್ಲಿ, ತುಳಸಿಯ ಪಕ್ಕಕ್ಕೆ ಕಲ್ಲು ಇಳಿಸಿ ಆದ ಮೇಲೆ ಎಲೆ ಬಿಡಿಸಿದಳು. ಎಡೆಯದನ್ನು ಮನೆಯವರು ಉಣ್ಣಬೇಕು. ಅವಳ ಮನೆಯಲ್ಲಿ ಬೇರೆ ಯಾರೂ ಇರಲಿಲ್ಲ.

"ತಕ್ಕೋ," ಎಂದು ನೊಗಲಿಯ ಅರ್ಧ ಮುರಿದು ನನ್ನ ಕೈಗಿಟ್ಟಳು.

"ಕೈ ತೊಳೀತೆ ಹೊನ್ನಕ್ಕ."

"ಕುಳಿ ತೆಗೂಕಾದ್ರೆ ತೊಳ್ದಿದ್ಯ? ತಿನ್ನು."

ನನ್ನ ಕೈಗೆ ಸಿಮೆಂಟು, ಫಿನಾಯಿಲು, ಆ ಮೆಟ್ಟಿಲಿನ ಮೇಲೆ ನಡೆದವರೆಲ್ಲರ ಹೊಲಸು. ಅದರ ಅಡಿಯಲ್ಲಿ, ಎಂದೂ ಹೋಗದ ಶಾಯಿಯ ವಾಸನೆ. ಅವಳು ನೋಡುತ್ತಲೇ ಇದ್ದಳು. ಮುಳ್ಳು ಬಿಡಿಸಿ ಬಾಯಿಗಿಟ್ಟೆ. ಅಗಿದೆ. ಫಿನಾಯಿಲಿನ ರುಚಿ ಹತ್ತಿದ ಮೀನು ನಾಲಗೆಯ ಮೇಲೆ ಹೊರಳಿತು. ನುಂಗಿದೆ.

"ಇನ್ನೊಂದ್ ಚೂರು?" ಎಂದಳು ಹೊನ್ನಿ.